ಹತ್ತೊಂಬತ್ತನೆಯ ಕಲಮು

ಮೂರು ಪ್ರಾಂತ್ಯಗಳು ಸೇರಿ ಒಂದು ಒಕ್ಕೂಟವಾಗಲು ಹೊರಟು ಅಂದಿಗೆ ಹನ್ನೊಂದು ದಿನ. ಸೈನ್ಯ ಯಾರ ಕೈಗೆ, ಅಂಚೆ ಯಾರ ಕೈಗೆ ಎಂಬುದೆಲ್ಲ ಎರಡೇ ದಿನದಲ್ಲಿ ಇತ್ಯರ್ಥವಾಗಿತ್ತು. ಉಳಿದ ಒಂಬತ್ತು ದಿನ ನಡೆದದ್ದು ಒಪ್ಪಂದದ ಕೊನೆಯ ಪುಟದಲ್ಲಿ ಯಾರ ಹೆಸರು ಮೇಲೆ ಬರಬೇಕೆಂಬ ಗಹನವಾದ ಚರ್ಚೆ.

ಮೂಲೆಯ ಮೇಜಿನಲ್ಲಿ ಕುಳಿತು ಕರಡನ್ನು ಚೊಕ್ಕವಾಗಿ ಪ್ರತಿ ಮಾಡುತ್ತಿದ್ದ ನಕಲುಗಾರನಿಗೆ ಆ ಚಿಂತೆ ಇರಲಿಲ್ಲ. ಅವನ ಕಣ್ಣು ನೆಟ್ಟಿದ್ದು ಹತ್ತೊಂಬತ್ತನೆಯ ಕಲಮಿನ ಮೇಲೆ: 'ಒಕ್ಕೂಟದ ಪ್ರಜೆಗಳು ರಹದಾರಿಯಿಲ್ಲದೆ ಯಾವ ಪ್ರಾಂತ್ಯಕ್ಕಾದರೂ ಹೋಗಿಬರಬಹುದು.' ಅವನ ಅಕ್ಕ ಇದ್ದದ್ದು ಹೊಳೆಯಾಚೆಯ ಪ್ರಾಂತ್ಯದಲ್ಲಿ. ಭಾವ ತೀರಿಕೊಂಡಾಗಲೂ ಗಡಿಯ ಕಚೇರಿ ಇವನಿಗೆ ರಹದಾರಿ ಕೊಟ್ಟಿರಲಿಲ್ಲ.

"ಆ ಹತ್ತೊಂಬತ್ತನೇದನ್ನ ಹೊಡೆದುಹಾಕಯ್ಯ," ಎಂದರು ಬಯಲು ಪ್ರಾಂತ್ಯದ ಮುಖ್ಯಸ್ಥರು. "ಜನ ಆಮೇಲೆ ಓಡಾಡ್ಲಿ. ಮೊದಲು ನಾವು ಒಂದಾಗೋಣ."

ಬೆಟ್ಟ ಪ್ರಾಂತ್ಯದವರೂ ಕಡಲ ಪ್ರಾಂತ್ಯದವರೂ ತಲೆದೂಗಿದರು. ಹೆಸರಿನ ಜಗಳ ಶುರುವಾದ ಮೇಲೆ ಮೂವರೂ ಒಪ್ಪಿದ ಮಾತು ಅದೊಂದೇ.

"ಆಗಲಿ ಸ್ವಾಮಿ," ಎಂದ ನಕಲುಗಾರ. ಅವರು ಊಟಕ್ಕೆ ಎದ್ದುಹೋದ ಮೇಲೆ ಬಾಗಿಲ ಕಡೆ ಒಮ್ಮೆ ನೋಡಿದ. ಸಿಕ್ಕಿಬಿದ್ದರೆ ಕೆಲಸ ಹೋಗುವುದಷ್ಟೇ ಅಲ್ಲ, ಜೈಲೂ ಖಂಡಿತ. ಆದರೂ ಆ ಕಲಮನ್ನು ಚೊಕ್ಕ ಪ್ರತಿಯಲ್ಲಿ ದುಂಡಾದ ಅಕ್ಷರಗಳಲ್ಲಿ ಬರೆದು ಮುಗಿಸಿದ.

ಸಹಿಯ ದಿನ ಮುಖ್ಯಸ್ಥರು ಮೂವರೂ ನೇರವಾಗಿ ಕೊನೆಯ ಪುಟವನ್ನೇ ತೆರೆದರು. ಹೆಸರುಗಳು ಅಕ್ಕಪಕ್ಕ, ಒಂದೇ ಸಾಲಿನಲ್ಲಿದ್ದವು. ಕಡಲಿನವರು ಅಡಿಪಟ್ಟಿ ತರಿಸಿ ಅಕ್ಷರಗಳ ಎತ್ತರ ಅಳೆದರು. ಅವರ ಮೇಲೆ ನಂಬಿಕೆ ಸಾಲದೆ ಬೆಟ್ಟದವರು ಇನ್ನೊಮ್ಮೆ ಅಳೆದರು.

"ಮಿಕ್ಕಿದ್ದನ್ನ ಓದಿ ಹೇಳಬೇಕಾ, ಸ್ವಾಮಿ?" ಕೇಳುವುದು ನಿಯಮವಾಗಿದ್ದರಿಂದ ನಕಲುಗಾರ ಕೇಳಿದ.

"ಓದೋದೇನಿದೆ? ನಾವೇ ಬರೆಸಿದ್ದಲ್ವಾ," ಎಂದು ಬಯಲಿನವರು ಸಹಿ ಜಡಿದರು. ಉಳಿದಿಬ್ಬರೂ ಹಿಂದೆ ಬೀಳಲಿಲ್ಲ.

ಮರುವಾರ ಹತ್ತೊಂಬತ್ತನೆಯ ಕಲಮಿಗೆ ಜನ ಬೀದಿಬೀದಿಯಲ್ಲಿ ಜೈಕಾರ ಹಾಕಿದ್ದೇ ತಡ, ಅದು ತಮ್ಮ ಬಹುಕಾಲದ ಕನಸೆಂದು ಮೂವರೂ ಒಂದೊಂದು ಪತ್ರಿಕೆಯಲ್ಲಿ ಹೇಳಿಕೊಂಡರು.

ಗಡಿ ದಾಟಿ ಬಂದ ತಮ್ಮನ ಕೆನ್ನೆ ಸವರುತ್ತ ಅಕ್ಕ ಬಹಳ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಆ ಮೂವರಲ್ಲಿ ಯಾರಿಗೋ ಇಷ್ಟು ಒಳ್ಳೆ ಬುದ್ಧಿ ಬಂದಿದ್ದು?" ಎಂದು ಕೇಳಿದಳು.

"ಅದಕ್ಕೇ ಈಗ ಕಿತ್ತಾಡ್ತಿದ್ದಾರೆ ಅಕ್ಕ," ಎಂದ ನಕಲುಗಾರ. "ಅದು ಬಗೆಹರಿಯೋವರೆಗೂ ಗಡಿ ಗೇಟು ಯಾರೂ ಮುಚ್ಚಲ್ಲ, ಬಿಡು."