ಓಗೊಡದ ಗ್ರಾಹಕ

ಊಟ ಬಲ್ಲವನಿಗೆ ರೋಗವಿಲ್ಲ, ಮಿಮಿಕ್ರಿ ಬಲ್ಲವನಿಗೆ ಮರ್ಯಾದೆಯಿಲ್ಲ. ಗಾದೆ ತಿರುಚಿದ್ದು ಹೌದು, ಕಥೆ ಮಾತ್ರ ನಿಜ.

ಗಂಡ ತೀರಿಕೊಂಡ ಮೇಲೆ ವಿಜ್ಞಾನಿ ಮೇಡಂ ನಕ್ಕಿದ್ದನ್ನು ಪ್ರಯೋಗಾಲಯದಲ್ಲಿ ಯಾರೂ ಕಂಡಿರಲಿಲ್ಲ. ಹೆಸರಿಲ್ಲದ ದಾನಿಯೊಬ್ಬನ, ಕುಡಿತದಿಂದ ಕೆಟ್ಟ ಲಿವರಿನ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಸಾಕುತ್ತ, ಚೇತರಿಸಿಕೊಳ್ಳಿ ಎಂಬ ಸಂಕೇತವನ್ನು ಅವಕ್ಕೆ ಮುಟ್ಟಿಸಲು ಹೆಣಗುತ್ತಿದ್ದರು. ಅವರನ್ನು ಒಮ್ಮೆಯಾದರೂ ನಗಿಸಲೇಬೇಕೆಂದು ಶಿಷ್ಯ ಪ್ರಮಥ ಹಟ ಹಿಡಿದಿದ್ದ.

“ಸಂಕೇತ ಹಿಡಿಯೋದು ಕೋಶದ ಮೈಮೇಲಿರೋ ಗ್ರಾಹಕ ತಾನೇ ಮೇಡಂ? ನಮ್ಮಂಗಡಿಗೆ ಗ್ರಾಹಕರೇ ಬರ್ತಿಲ್ವಲ್ಲ.”

“ಗ್ರಾಹಕ ಇದ್ದಾನೆ ಕಣೋ. ಎಷ್ಟು ಕರೆದರೂ ಓಗೊಡ್ತಿಲ್ಲ ಅಷ್ಟೆ.” ಮೇಡಂ ನಗಲಿಲ್ಲ.

ಮರುದಿನ ಅವರು ಕೋಶಗಳಿಗೆ ಊಟ ಹಾಕಲು, ಎಂದರೆ ಪೋಷಕ ದ್ರವ ಬದಲಿಸಲು ಬಂದಾಗ, ತಟ್ಟೆಗಳನ್ನಿಟ್ಟ ಬೆಚ್ಚನೆಯ ಪೆಟ್ಟಿಗೆಯ ಹಿಂದೆ ಪ್ರಮಥ ಅಡಗಿದ್ದ. ಪೆಟ್ಟಿಗೆಯ ಬಾಗಿಲು ತೆರೆದೊಡನೆ ಕುಡುಕನ ದನಿಯಲ್ಲಿ ತೊದಲಿದ: “ಸಿಟ್ಟು ಮಾಡ್ಕೋಬೇಡ ಕಣೇ... ನಾಳೆಯಿಂದ ಮುಟ್ಟಲ್ಲ, ನಿನ್ನಾಣೆ. ಊಟ ಹಾಕೇ.”

ಮೇಡಂ ಕೈಯಲ್ಲಿದ್ದ ಪಿಪೆಟ್ ಕೆಳಗೆ ಬಿತ್ತು. ತಮಾಷೆ ಮಿತಿಮೀರಿತೇನೋ ಎಂದು ಪ್ರಮಥ ತಲೆ ತಗ್ಗಿಸಿ ಹೊರಬಂದ. ಅಷ್ಟರಲ್ಲಿ ಅವರು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಪಕ್ಕದ ಕೋಣೆಯವರು ಇಣುಕಿ ನೋಡುವಷ್ಟು ಜೋರಾಗಿ ನಕ್ಕರು. ಗೆದ್ದೆನೆಂದು ಪ್ರಮಥನೂ ನಕ್ಕ.

ನಗುತ್ತಲೇ ಮೇಡಂ ತಟ್ಟೆಯತ್ತ ಬಾಗಿದರು: “ಕೇಳಿಸ್ತಾ ರೀ? ಥೇಟ್ ನಿಮ್ಮ ಹಾಗೇ ಮಾತಾಡ್ತಾನೆ.”