ಸೇತುವೆಯಾಚೆಗೆ ತವರಿನ ಸೀರೆ

ತಂಗಿ ಗುರವ್ವ ತೀರಿಕೊಂಡ ಸುದ್ದಿ ಬಂದ ದಿನ, ತವರಿನ ಸೀರೆ ಹಿಡಿದು ತುಂಗಭದ್ರೆಯ ಸೇತುವೆಗೆ ಓಡಿದೆ. ಆ ಸೀರೆ ಹೊದಿಸದೆ ಹೆಣ ಎತ್ತುವುದಿಲ್ಲ. ಆದರೆ ಹತ್ತಿದ ಹೆಪಟೈಟಿಸ್ ಸಿ ವೈರಸ್ಸಿನ ತಳಿ ನೋಡಿ ಜನರನ್ನು ಬೇರೆ ಮಾಡಿದ್ದರು: ಗುರವ್ವನಂಥ ಒಂದನೆಯ ತಳಿಯವರದು ಆ ದಡ, ಮೂರನೆಯ ತಳಿಯವರಾದ ನಮ್ಮದು ಈ ದಡ.

ಕಾವಲಿನ ಹೆಂಗಸು ನನ್ನ ಬೆರಳು ಚುಚ್ಚಿ ನೋಡಿದಳು.

“ದಾಟ್ರಿ ಯಜ್ಜಾರ. ಆದ್ರ ನಿಮ್ದು ಮೂರನೇ ತಳಿ, ಅಲ್ಲಿಂದು ಹತ್ತಿಸ್ಕೊಂಡು ಬಂದೀರಿ ಅಂತ ತಿರುಗಿ ಬಿಡಂಗಿಲ್ಲ. ಮನ್ಯಾಗ ಯಾರದಾರ?”

“ಹಾಸಿಗಿ ಹಿಡಿದ ಹೆಂಡತಿ.”

“ಆಕಿಗೆ ಗಂಜಿ ಕುಡಸಾವ್ರು?”

ನಾನು ಮನೆಯ ದಾರಿಯತ್ತ ತಿರುಗಿ ನೋಡಿದೆ.

“ಕೊಡ್ರಿ ಇತ್ತ,” ಎಂದು ಸೀರೆ ಕಸಿದುಕೊಂಡಳು. “ನಂದೂ ಒಂದನೇ ತಳಿ. ಆಕಿ ನಮ್ಮಕ್ಕ ಅಂತ ಹೇಳಿ ನಾನ ಹೊದಿಸ್ತೀನಿ. ಯಾರರ ತಕರಾರು ತಗದ್ರ ನನಗೂ ಬಾಯಿ ಐತಿ.”

ಹೊತ್ತಿಳಿಯುವಾಗ ಆ ದಡದಲ್ಲಿ ಹೆಣ ಎತ್ತುವಾಗ ಬಡಿಯುವ ಹಲಗೆಯ ಸದ್ದು ಕೇಳಿತು. ಸೀರೆ ಮುಟ್ಟಿತ್ತು. ನಿಂತಲ್ಲೇ ಕೈಮುಗಿದೆ. ಶಿವನೇ, ವರುಷಗಟ್ಟಲೆ ತವರು ಕಾಣದ ನನ್ನ ತಂಗಿಯನ್ನು ನಿನ್ನ ಪಾದದಡಿ ನೆಮ್ಮದಿಯಿಂದ ಇರಿಸು.