ಹತ್ತು ವರ್ಷ, ಎಂಟು ದಿನ

ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಹತ್ತು ವರ್ಷ ದುಡಿದವರನ್ನು ಕಾಯಂ ಮಾಡುತ್ತಾರಂತೆ ಎಂಬ ಸುದ್ದಿ ಬಂದ ದಿನ ದುರ್ಗವ್ವ ಹಳೆಯ ಕ್ಯಾಲೆಂಡರುಗಳನ್ನೆಲ್ಲ ಮಗಳ ಮುಂದೆ ಹರವಿದಳು. ಕೆಲಸಕ್ಕೆ ಸೇರಿ ಮೂರು ಸಾವಿರದ ಆರುನೂರ ಅರವತ್ತೊಂದು ದಿನವಾಗಿತ್ತು. ಮಗಳು ಅದನ್ನು ಮುನ್ನೂರ ಅರವತ್ತೈದರಿಂದ ಭಾಗಿಸಿ, ನಡುವೆ ಬಂದ ಮೂರು ಅಧಿಕ ವರ್ಷಗಳಿಗೆಂದು ಮೂರು ದಿನ ಕಳೆದು, "ಹತ್ತು ವರ್ಷದ ಮ್ಯಾಲ ಎಂಟು ದಿನ ಆತವ್ವ," ಎಂದಳು.

ದುರ್ಗವ್ವ ಮೊದಲು ಓಡಿದ್ದು ಅಣ್ಣನ ಬಳಿಗೆ. ಅವಳನ್ನು ಕೆಲಸಕ್ಕೆ ಹಚ್ಚಿದವನು, ಹಾಜರಿ ಪುಸ್ತಕ ಬರೆಯುವವನು, ಸಂಬಳ ತಂದು ಕೈಗಿಡುವವನು ಎಲ್ಲ ಅವನೇ.

"ನಾ ನೋಡ್ಕೋತೀನಿ. ನೀ ಕಚೇರಿಗೆ ಹೋಗಬ್ಯಾಡ," ಅಂದ ಅಣ್ಣ.

ಅವಳಿಗೆ ತಡೆಯಲಾಗಲಿಲ್ಲ. ವಾರ ಕಳೆದ ಮೇಲೆ, ಇದ್ದುದರಲ್ಲಿ ಚೆಂದದ ಸೀರೆ ಉಟ್ಟು ಹೋದಳು.

ಗುಮಾಸ್ತ ಹಾಜರಿ ಪುಸ್ತಕ ತಿರುವಿದ. "ದುರ್ಗವ್ವ ಅನ್ನೋ ಹೆಸರ ಇಲ್ಲಲ್ಲಬೇ."

"ಛಲೋತ್ನಂಗ ನೋಡ್ರಿ ಸಾಹೇಬ್ರ. ದಿನಾ ಹೆಬ್ಬೆಟ್ಟು ಒತ್ತೀನಿ."

ಅವನು ಅವಳ ಹೆಬ್ಬೆಟ್ಟನ್ನು ಒಂದು ಕಾಗದದ ಮೇಲೆ ಒತ್ತಿಸಿಕೊಂಡು ಪುಸ್ತಕದ ಗುರುತುಗಳ ಪಕ್ಕ ಹಿಡಿದ. ಸುಟ್ಟ ಗಾಯದ ಗೆರೆ ಎರಡರಲ್ಲೂ ಒಂದೇ ಕಡೆ ಇತ್ತು.

"ಹೆಬ್ಬೆಟ್ಟು ನಿಂದೇ. ಹತ್ತು ವರ್ಷಾನೂ ನಿಂದೇ," ಎಂದ ಮೆತ್ತಗೆ. "ಆದ್ರ ಅದರ ಮುಂದ ಬರದ ಹೆಸರು ನೀಲಮ್ಮ ಅಂತ ಐತಿ. ಕಾಯಂ ಆರ್ಡರೂ ಆಕೀ ಹೆಸರಿಗೇ ಬಂದೈತಿ. ಯಾರಬೇ ಈ ನೀಲಮ್ಮ?"

ದುರ್ಗವ್ವ ತನಗೆ ಓದಲು ಬಾರದ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು.

"ನಮ್ಮಣ್ಣನ ಹೆಂಡ್ತಿ ರೀ."